ಕೊಳೆ ತೆಗೆದ ಬೀಜ ನೀರಿನಲ್ಲಿ ಏನನ್ನು ಬಿಟ್ಟುಹೋಗುತ್ತದೆ?

ಶಂಕರಾಚಾರ್ಯರದೆಂದು ಪ್ರಸಿದ್ಧವಾದ ಆತ್ಮಬೋಧದ ಐದನೆಯ ಶ್ಲೋಕದಲ್ಲಿ ಒಂದು ಉಪಮೆ ಬರುತ್ತದೆ. ಕತಕದ ಪುಡಿ ನೀರನ್ನು ತಿಳಿಗೊಳಿಸಿ ಕೊನೆಗೆ ತಾನೂ ಇಲ್ಲವಾಗುವಂತೆ, ಜ್ಞಾನವು ಜೀವಾತ್ಮನ ಅಜ್ಞಾನದ ಕಲುಷವನ್ನು ಕಳೆದು ತಾನೂ ಇಲ್ಲವಾಗುತ್ತದೆ ಎಂಬುದು ಅದರ ತಾತ್ಪರ್ಯ. ಕತಕವೆಂದರೆ ನಮ್ಮ ಚಿಲ್ಲದ ಬೀಜ. ಸುಶ್ರುತ ಸಂಹಿತೆ ಕಲಕು ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಪಟ್ಟಿ ಮಾಡುವಾಗ ಮೊದಲು ಹೇಳುವುದು ಇದೇ ಕತಕವನ್ನು. ಬೀಜ ಹಾಕಿ ನೀರು ತಿಳಿಮಾಡುವುದು ಅಂದಿನ ಮನೆಮನೆಯ ತಿಳಿವಳಿಕೆಯಾಗಿದ್ದುದರಿಂದಲೇ ವೇದಾಂತದ ಉಪಮೆಯಾಗಿ ಅದು ಸಲ್ಲುತ್ತಿತ್ತು. ವೇದಾಂತದ ಮಟ್ಟಿಗೆ ಉಪಮೆ ಸೊಗಸಾಗಿದೆ; ರಸಾಯನಶಾಸ್ತ್ರದ ಮಟ್ಟಿಗೆ ಮಾತ್ರ ಅದರ ಎರಡನೆಯ ಅರ್ಧ ನಿಲ್ಲುವುದಿಲ್ಲ. ಬೀಜದ ಪುಡಿ ಕೊಳೆಯನ್ನು ತಳಕ್ಕಿಳಿಸುವುದು ನಿಜ, ಆದರೆ ತಾನು ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಅದರ ಒಂದು ಪಾಲು ಕಣ್ಣಿಗೆ ಕಾಣದಂತೆ ನೀರಿನಲ್ಲೇ ಕರಗಿ ಉಳಿಯುತ್ತದೆ. ಕತಕ, ನುಗ್ಗೆಬೀಜದಂಥ ಗಿಡಮೂಲದ ಹೆಪ್ಪುಕಾರಕಗಳ, ಅಂದರೆ ನೀರಿನ ಕೊಳೆಯನ್ನು ಒಟ್ಟುಗೂಡಿಸಿ ತಳಕ್ಕಿಳಿಸುವ ವಸ್ತುಗಳ, ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ನಡೆದಿರುವ ಕೆಲಸದ ಒಂದು ಮುಖ್ಯ ಪಾಲು, ನೇರವಾಗಿಯೋ ಸುತ್ತುಬಳಸಿಯೋ, ಈ ಉಳಿಕೆಯ ಸುತ್ತಲೇ ತಿರುಗುತ್ತದೆ.

ಮೊದಲು ಬಗ್ಗಡ ನೀರು ತಾನಾಗಿಯೇ ಏಕೆ ತಿಳಿಯಾಗುವುದಿಲ್ಲ ಎಂಬುದನ್ನು ನೋಡಬೇಕು. ಮಳೆಗಾಲದ ಹೊಳೆಯ ನೀರನ್ನು ಒಂದು ಬಿಂದಿಗೆಯಲ್ಲಿ ಹಿಡಿದಿಟ್ಟರೆ ಮರಳು ಕೆಲವೇ ನಿಮಿಷಗಳಲ್ಲಿ ತಳ ಸೇರುತ್ತದೆ, ಆದರೆ ಕೆಂಪು ಬಣ್ಣ ಮರುದಿನವೂ ಹಾಗೆಯೇ ಇರುತ್ತದೆ. ಇದಕ್ಕೆ ಕಾರಣ ಕಣದ ಗಾತ್ರ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ಮರಳಿನ ಕಣ ಒಂದು ಮೀಟರ್ ಆಳ ಇಳಿಯಲು ಸುಮಾರು 2 ನಿಮಿಷ ಸಾಕು. ಒಂದು ಮೈಕ್ರಾನ್ ದಪ್ಪದ ಜೇಡಿಕಣಕ್ಕೆ ಅದೇ ದೂರ ಇಳಿಯಲು ಸುಮಾರು 13 ದಿನ ಬೇಕು. ಅದರ ಹತ್ತನೆಯ ಒಂದು ಭಾಗದಷ್ಟು ಸಣ್ಣ ಕಣಕ್ಕೆ ಲೆಕ್ಕದ ಪ್ರಕಾರ ಮೂರು ವರ್ಷಕ್ಕೂ ಹೆಚ್ಚು ಕಾಲ ಬೇಕು. ನಿಜದಲ್ಲಿ ಅಷ್ಟು ಸಣ್ಣ ಕಣಗಳು ಇಳಿಯುವುದೇ ಇಲ್ಲ, ಏಕೆಂದರೆ ನೀರಿನ ಅಣುಗಳ ಬಡಿತವೇ ಅವನ್ನು ಎತ್ತಿಹಿಡಿದಿರುತ್ತದೆ. ಇವನ್ನೇ ಶಾಲೆಯ ಪಠ್ಯಗಳು ಕಲಿಲ ಕಣಗಳೆಂದು ಕರೆಯುತ್ತವೆ.

ಈ ಕಣಗಳು ಒಂದಕ್ಕೊಂದು ಅಂಟಿಕೊಂಡು ದಪ್ಪವಾದರೆ ಬೇಗ ಇಳಿಯುತ್ತವೆ. ಆದರೆ ಅವು ಅಂಟಿಕೊಳ್ಳುವುದಿಲ್ಲ. ಜೇಡಿಯ ಕಣ, ಪಾಚಿಯ ಕೋಶ, ಬ್ಯಾಕ್ಟೀರಿಯಾ, ಕೊಳೆತ ಎಲೆಯಿಂದ ಬಂದ ಬಣ್ಣದ ಅಣು, ಇವೆಲ್ಲವುಗಳ ಮೈಮೇಲೆ ಸಾಮಾನ್ಯವಾದ ನೀರಿನಲ್ಲಿ ಋಣ ವಿದ್ಯುದಂಶವೇ ಇರುತ್ತದೆ. ಒಂದೇ ಬಗೆಯ ವಿದ್ಯುದಂಶವುಳ್ಳವು ಪರಸ್ಪರ ದೂರ ತಳ್ಳುವುದರಿಂದ ಪ್ರತಿಯೊಂದು ಕಣವೂ ಒಂಟಿಯಾಗಿಯೇ ತೇಲಾಡುತ್ತದೆ. ನೀರನ್ನು ತಿಳಿಗೊಳಿಸುವ ಯಾವ ವಸ್ತುವೇ ಆಗಲಿ ಮಾಡಬೇಕಾದ ಕೆಲಸ ಇಷ್ಟೇ: ಆ ಋಣಾಂಶವನ್ನು ಅಳಿಸಿ ಕಣಗಳು ಹತ್ತಿರ ಬರುವಂತೆ ಮಾಡಬೇಕು, ಇಲ್ಲವೇ ಅವು ದೂರವಿದ್ದರೂ ಅವನ್ನು ಒಟ್ಟಾಗಿ ಕಟ್ಟಿಹಾಕುವ ಉದ್ದನೆಯ ಎಳೆಯೊಂದನ್ನು ಒದಗಿಸಬೇಕು. ಹೀಗೆ ಕೂಡಿಕೊಂಡ ಹತ್ತಿಯಂಥ ಮುದ್ದೆಯನ್ನು ಗರಣೆ ಎನ್ನೋಣ. ನೀರು ಶುದ್ಧೀಕರಣ ಘಟಕಗಳಲ್ಲಿ ಕೆಲಸ ಮಾಡುವವರು ಇದನ್ನು ಫ್ಲಾಕ್ ಎಂದೇ ಕರೆಯುತ್ತಾರೆ.

ನಮ್ಮ ಊರುಗಳ ನಲ್ಲಿನೀರಿಗೆ ಈ ಕೆಲಸ ಮಾಡುವುದು ಪಟಿಕ, ಅಂದರೆ ಆಲಂ. ನೀರಿಗೆ ಬಿದ್ದ ಅಲ್ಯೂಮಿನಿಯಂ ಸಲ್ಫೇಟಿನಿಂದ ಧನಾಂಶವುಳ್ಳ ಅಲ್ಯೂಮಿನಿಯಂ ಅಯಾನುಗಳು ಬಿಡುಗಡೆಯಾಗಿ ಕಣಗಳ ಋಣಾಂಶವನ್ನು ಅಳಿಸುತ್ತವೆ. ಜೊತೆಗೆ ಅವು ನೀರಿನೊಂದಿಗೆ ವರ್ತಿಸಿ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಲೋಳೆಯಾಗುತ್ತವೆ, ಮತ್ತು ಆ ಲೋಳೆ ಇಳಿಯುವಾಗ ದಾರಿಯಲ್ಲಿ ಸಿಕ್ಕಿದ ಕಣಗಳನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಪಟಿಕ ಅಗ್ಗ, ಎಲ್ಲೆಡೆ ಸಿಗುತ್ತದೆ, ವರ್ಷವಿಡೀ ಒಂದೇ ಗುಣಮಟ್ಟದಲ್ಲಿರುತ್ತದೆ. ಅದರ ದೋಷಗಳೂ ಎಲ್ಲರಿಗೂ ಗೊತ್ತಿರುವಂಥವೇ. ಒಂದು ಮಿಲಿಗ್ರಾಂ ಪಟಿಕ ನೀರಿನ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರೀಯತೆಯನ್ನು ತಿಂದುಹಾಕುವುದರಿಂದ ನೀರು ಹುಳಿಯತ್ತ ಜಾರುತ್ತದೆ, ಅದನ್ನು ಸರಿಪಡಿಸಲು ಕೆಲವೆಡೆ ಸುಣ್ಣ ಹಾಕಬೇಕಾಗುತ್ತದೆ. ತಳದಲ್ಲಿ ಕೂಡುವ ಗಸಿ ಲೋಳೆಯಾಗಿದ್ದು ಬೇಗ ಒಣಗುವುದಿಲ್ಲ. ಪಿಎಚ್ ಸರಿಯಿಲ್ಲದಿದ್ದರೆ ಕುಡಿಯುವ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ 2012ರ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅಲ್ಯೂಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಾಗ 0.2 ಮಿಲಿಗ್ರಾಂವರೆಗೆ ಒಪ್ಪಬಹುದು.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ಗಿಡಮೂಲದ ಹೆಪ್ಪುಕಾರಕಗಳನ್ನು ಹೊಗಳುವ ಅನೇಕ ಬರಹಗಳು ಪಟಿಕದಿಂದ ಮರೆವಿನ ರೋಗ ಬರುತ್ತದೆ ಎಂಬಲ್ಲಿಂದಲೇ ಶುರುವಾಗುತ್ತವೆ. ಕುಡಿಯುವ ನೀರಿನ ಅಲ್ಯೂಮಿನಿಯಂಗೂ ಆಲ್ಝೈಮರ್ ಕಾಯಿಲೆಗೂ ಕಾರ್ಯಕಾರಣ ಸಂಬಂಧ ಸಿದ್ಧವಾಗಿಲ್ಲ. ಸರಿಯಾಗಿ ನಡೆಸಿದ ಪಟಿಕದ ಘಟಕ ವಿಷ ಹಂಚುವ ಘಟಕವಲ್ಲ. ನುಗ್ಗೆಯ ಪರವಾಗಿ ವಾದಿಸಲು ಬೇರೆ ಒಳ್ಳೆಯ ಕಾರಣಗಳಿರುವಾಗ ಈ ಹೆದರಿಕೆಯನ್ನು ಆಶ್ರಯಿಸಬೇಕಾಗಿಲ್ಲ.

ಆ ಕಾರಣಗಳಲ್ಲಿ ಮೊದಲನೆಯದು ನುಗ್ಗೆಬೀಜದೊಳಗಿನ ಪ್ರೋಟೀನು. ಮರದಲ್ಲೇ ಬಲಿತು, ಒಣಗಿ, ಕಂದುಬಣ್ಣಕ್ಕೆ ತಿರುಗಿದ ನುಗ್ಗೆಕಾಯಿಯನ್ನು ಸೀಳಿದರೆ ಮೂರು ಕಾಗದದಂಥ ರೆಕ್ಕೆಗಳಿರುವ ಬೀಜಗಳು ಸಿಗುತ್ತವೆ. ಸಿಪ್ಪೆ ಸುಲಿದಾಗ ಒಳಗಿರುವ ಬಿಳಿಯ ತಿರುಳು ಸುಮಾರು 0.2 ಗ್ರಾಂ ತೂಗುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು ಎಣ್ಣೆ, ಹತ್ತಿರಹತ್ತಿರ ಅಷ್ಟೇ ಪ್ರೋಟೀನು. ಈ ಪ್ರೋಟೀನುಗಳಲ್ಲಿ ಒಂದು ಗುಂಪು ಚಿಕ್ಕದು, ನೀರಿನಲ್ಲಿ ಸುಲಭವಾಗಿ ಕರಗುವಂಥದು, ಮತ್ತು ಬಲವಾದ ಧನಾಂಶವುಳ್ಳದ್ದು. ಅದರ ಮೈಮೇಲಿನ ನಿವ್ವಳ ವಿದ್ಯುದಂಶ ಸೊನ್ನೆಗೆ ಬರಬೇಕಾದರೆ ನೀರಿನ ಪಿಎಚ್ 10ರ ಮೇಲಕ್ಕೆ ಹೋಗಬೇಕು. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ನಡುವೆ ಇರುವುದರಿಂದ ಅಲ್ಲಿ ಈ ಪ್ರೋಟೀನು ಸದಾ ಧನಾಂಶದಲ್ಲೇ ಇರುತ್ತದೆ. ಅದು ಜೇಡಿಕಣದ ಋಣಾಂಶದ ಮೈಗೆ ಅಲ್ಲಲ್ಲಿ ತೇಪೆಯಂತೆ ಅಂಟಿಕೊಳ್ಳುತ್ತದೆ, ಒಂದು ಕಣದ ತೇಪೆ ಇನ್ನೊಂದು ಕಣದ ಬರಿಮೈಯನ್ನು ಸೆಳೆಯುತ್ತದೆ, ಗರಣೆ ಬೆಳೆಯುತ್ತದೆ. ಈ ಕ್ರಿಯೆ ಕ್ಷಾರೀಯತೆಯನ್ನು ತಿನ್ನುವುದಿಲ್ಲ, ಆದ್ದರಿಂದ ಪಿಎಚ್ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಹೈಡ್ರಾಕ್ಸೈಡಿನ ಲೋಳೆ ಇಲ್ಲದಿರುವುದರಿಂದ ಗಸಿಯೂ ಕಡಿಮೆ. ಕೆನಡಾದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನುಗ್ಗೆಬೀಜದ ಗಸಿಯ ಗಾತ್ರ ಪಟಿಕದ ಗಸಿಗಿಂತ ನಾಲ್ಕೈದು ಪಟ್ಟು ಕಡಿಮೆಯಿತ್ತು.

ಚಿಲ್ಲದ ಬೀಜದ ದಾರಿ ಬೇರೆ. ನಮ್ಮ ಒಣನಾಡಿನ ಕಾಡುಗಳಲ್ಲಿ ಬೆಳೆಯುವ ಈ ಮರ ಕಾಸರಕದ ಕುಲಕ್ಕೇ ಸೇರಿದ್ದು, ಆದರೆ ಕಾಸರಕದಂತೆ ವಿಷದ ಮರವೆಂದು ಹೆಸರಾದದ್ದಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಅದರ ಬೀಜ ಅಂಗಿಯ ಗುಂಡಿಯಂತೆ ಚಪ್ಪಟೆ, ಮೇಲೆ ರೇಷ್ಮೆಯಂಥ ನವಿರು ರೋಮ, ಮತ್ತು ಒರಳಿನಲ್ಲಿ ಕುಟ್ಟಿದರೂ ಸುಲಭಕ್ಕೆ ಪುಡಿಯಾಗದಷ್ಟು ಗಟ್ಟಿ. ಆದ್ದರಿಂದಲೇ ಹಿಂದಿನವರು ಅದನ್ನು ಕುಟ್ಟದೆ ಮಡಕೆಯ ಒಳಮೈಗೆ ತೇಯುತ್ತಿದ್ದರು. ಮಡಕೆಯ ತರಿಯಾದ ಮೈಯೇ ಅರವಾಗಿ ಬೀಜ ಸ್ವಲ್ಪಸ್ವಲ್ಪವೇ ತೇಯ್ದು ನೀರಿಗೆ ಬೆರೆಯುತ್ತಿತ್ತು, ಹದ ತಾನಾಗಿಯೇ ಮಿತಿಯಲ್ಲಿರುತ್ತಿತ್ತು. ಈ ಬೀಜದಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಗ್ಯಾಲಕ್ಟೋಮನ್ನಾನ್ ಮತ್ತು ಗ್ಯಾಲಕ್ಟಾನ್ ಎಂಬ ಉದ್ದುದ್ದನೆಯ ಸಕ್ಕರೆಸರಪಳಿಗಳು. ಅವು ಕಣದ ವಿದ್ಯುದಂಶವನ್ನು ಅಳಿಸುವುದಕ್ಕಿಂತ ಹೆಚ್ಚಾಗಿ, ಬಾಳೆನಾರಿನಲ್ಲಿ ಬಿಡಿಹೂಗಳನ್ನು ಕಟ್ಟಿದ ಹಾಗೆ, ಒಂದು ಕಣವನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಹಿಡಿದು ಒಟ್ಟುಗೂಡಿಸುತ್ತವೆ. ಪಾಪಾಸುಕಳ್ಳಿಯ ಲೋಳೆ, ಹುಣಸೆ ಪಿಕ್ಕದ ಪುಡಿ, ಬೆಂಡೆಯ ಲೋಳೆ, ಮೆಂತ್ಯದ ಅಂಟು ಇವೆಲ್ಲ ಹೆಚ್ಚು ಕಡಿಮೆ ಇದೇ ಜಾತಿಗೆ ಸೇರಿದವು. ಇವು ಒಂಟಿಯಾಗಿ ದುಡಿಯುವುದಕ್ಕಿಂತ, ಪಟಿಕ ಅಥವಾ ನುಗ್ಗೆ ಮೊದಲು ಕಣಗಳನ್ನು ಹತ್ತಿರ ತಂದ ಮೇಲೆ ಗರಣೆಯನ್ನು ದಪ್ಪವಾಗಿಸುವ ಸಹಾಯಕರಾಗಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಯಾವ ಹೆಪ್ಪುಕಾರಕವಾದರೂ ಎಷ್ಟು ಹಾಕಬೇಕೆಂಬುದನ್ನು ಪುಸ್ತಕ ನೋಡಿ ಹೇಳಲಾಗದು. ಅದಕ್ಕಾಗಿಯೇ ಜಾರ್ ಟೆಸ್ಟ್ ಎಂಬ ಸರಳ ಪರೀಕ್ಷೆ ಇದೆ. ಒಂದೇ ಹೊಳೆಯ ನೀರನ್ನು ಆರು ಗಾಜಿನ ಪಾತ್ರೆಗಳಿಗೆ ತುಂಬಿ, ಒಂದೊಂದಕ್ಕೆ ಒಂದೊಂದು ಪ್ರಮಾಣದಲ್ಲಿ ಹೆಪ್ಪುಕಾರಕವನ್ನು ಹಾಕಿ, ಆರನ್ನೂ ಒಂದೇ ವೇಗದಲ್ಲಿ ಕಲಕಲಾಗುತ್ತದೆ: ಮೊದಲು ಒಂದು ನಿಮಿಷ ಜೋರಾಗಿ, ಆಮೇಲೆ ಇಪ್ಪತ್ತು ನಿಮಿಷದಷ್ಟು ಕಾಲ ನಿಧಾನವಾಗಿ. ಜೋರಿನ ಕಲಕುವಿಕೆ ಔಷಧ ಎಲ್ಲ ಕಣಗಳಿಗೂ ತಾಗುವಂತೆ ಮಾಡಲು. ನಿಧಾನದ್ದು ಗರಣೆಗಳು ಒಡೆಯದೆ ಒಂದಕ್ಕೊಂದು ಸೇರಿ ಬೆಳೆಯಲು. ಆಮೇಲೆ ಅರ್ಧ ಗಂಟೆ ಹಾಗೇ ಬಿಟ್ಟು ಮೇಲಿನ ತಿಳಿಯನ್ನು ತೆಗೆದು ಅಳೆಯುತ್ತಾರೆ. ನುಗ್ಗೆಬೀಜದೊಂದಿಗೆ ಈ ಪರೀಕ್ಷೆ ಮಾಡಿದಾಗ ಎದ್ದುಕಾಣುವ ಸಂಗತಿಯೆಂದರೆ, ಮೊದಲ ಪಾತ್ರೆಯಿಂದ ಮುಂದೆ ಹೋದಂತೆಲ್ಲ ನೀರು ತಿಳಿಯಾಗುತ್ತ ಹೋಗಿ, ಒಂದು ಹಂತ ದಾಟಿದ ಮೇಲೆ ಮತ್ತೆ ಮಬ್ಬಾಗುತ್ತದೆ. ಹೆಚ್ಚಾದ ಪ್ರೋಟೀನು ಕಣದ ಮೈಯನ್ನೆಲ್ಲ ಮುಚ್ಚಿಬಿಟ್ಟಾಗ ಕಣಗಳೆಲ್ಲ ಈಗ ಧನಾಂಶದವಾಗಿ ಮತ್ತೆ ಒಂದನ್ನೊಂದು ದೂರ ತಳ್ಳುತ್ತವೆ. ಗಿಡದ ವಸ್ತುವಲ್ಲವೇ, ಒಂದು ಹಿಡಿ ಹೆಚ್ಚು ಬಿದ್ದರೇನು ಎಂಬ ಧಾರಾಳತನ ಇಲ್ಲಿ ನಡೆಯುವುದಿಲ್ಲ.

ನುಗ್ಗೆಬೀಜವನ್ನು ಆಧುನಿಕ ವಿಜ್ಞಾನದ ಗಮನಕ್ಕೆ ತಂದವರಲ್ಲಿ ಮುಖ್ಯರು ಸಾಮಿಯಾ ಅಲ್ ಅಜಹರಿಯಾ ಯಾನ್ ಎಂಬ ಜರ್ಮನ್ ವಿಜ್ಞಾನಿ. 1970ರ ದಶಕದಲ್ಲಿ ಸುಡಾನಿನಲ್ಲಿದ್ದ ಅವರು, ನೆರೆ ಬಂದಾಗ ನೀಲ ನೈಲ್ ನದಿಯ ಕೆಸರುನೀರನ್ನು ಹಳ್ಳಿಯ ಹೆಂಗಸರು ಈ ಬೀಜದಿಂದ ತಿಳಿಗೊಳಿಸುವುದನ್ನು ಕಂಡು, ಅದನ್ನು ಅಳೆದು ತೂಗಿ ದಾಖಲಿಸಿದರು. ಮನೆಮಟ್ಟದ ಬಳಕೆಗೆಂದು ಇಂದಿಗೂ ಹೇಳಲಾಗುವ ಕ್ರಮ ಆ ಬಗೆಯ ಕೆಲಸದಿಂದಲೇ ಬಂದದ್ದು: ನೀರು ತುಸು ಮಬ್ಬಾಗಿದ್ದರೆ ನಾಲ್ಕು ಲೀಟರಿಗೆ ಒಂದು ಬೀಜ, ಮಧ್ಯಮವಾಗಿದ್ದರೆ ಎರಡು ಲೀಟರಿಗೆ ಒಂದು, ಪೂರಾ ಕೆಸರಾಗಿದ್ದರೆ ಲೀಟರಿಗೆ ಒಂದು ಅಥವಾ ಎರಡು. ತಿರುಳನ್ನು ನುಣ್ಣಗೆ ಪುಡಿಮಾಡಿ, ಸ್ವಲ್ಪ ಶುದ್ಧ ನೀರಿನಲ್ಲಿ ಐದು ನಿಮಿಷ ಕುಲುಕಿ, ಬಟ್ಟೆಯಲ್ಲಿ ಸೋಸಿ, ಆ ಹಾಲಿನಂಥ ದ್ರಾವಣವನ್ನು ಕೊಡದ ನೀರಿಗೆ ಬೆರೆಸಬೇಕು. ಮೊದಲು ಬಿರುಸಾಗಿ, ಆಮೇಲೆ ಐದು ನಿಮಿಷ ಮೆಲ್ಲಗೆ ತಿರುಗಿಸಿ ಒಂದೆರಡು ಗಂಟೆ ಅಲುಗಾಡಿಸದೆ ಇಡಬೇಕು. ದ್ರಾವಣವನ್ನು ಅಂದಂದಿಗೇ ಮಾಡಿಕೊಳ್ಳಬೇಕು. ಇಟ್ಟರೆ ಅದರ ಶಕ್ತಿ ಕುಂದುತ್ತದೆ, ಬೇಸಗೆಯಲ್ಲಿ ಕೆಟ್ಟ ವಾಸನೆಯೂ ಬರುತ್ತದೆ. ಬೀಜವನ್ನು ಸಿಪ್ಪೆಯೊಂದಿಗೇ ಇಟ್ಟರೆ ಹೆಚ್ಚು ಕಾಲ ಬಾಳುತ್ತದೆ.

ಮನೆಮಟ್ಟವನ್ನು ದಾಟಿ ಊರಮಟ್ಟದಲ್ಲಿಯೂ ಇದನ್ನು ಒಮ್ಮೆ ಗಂಭೀರವಾಗಿ ಪರೀಕ್ಷಿಸಲಾಗಿದೆ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಜೆಫ್ ಫೋಕಾರ್ಡ್ ಮತ್ತು ಜಾನ್ ಸದರ್ಲ್ಯಾಂಡ್ ಅವರು ಆಫ್ರಿಕದ ಮಲಾವಿ ದೇಶದ ಥ್ಯೋಲೊ ಎಂಬಲ್ಲಿನ ಶುದ್ಧೀಕರಣ ಘಟಕದಲ್ಲಿ ಗಂಟೆಗೆ 60 ಘನಮೀಟರ್ ನೀರಿನ ಪ್ರಮಾಣದಲ್ಲಿ ಪಟಿಕದ ಬದಲು ನುಗ್ಗೆಬೀಜವನ್ನೇ ಬಳಸಿ ನೋಡಿದರು. ಒಳಬರುವಾಗ 270ರಿಂದ 380 ಎನ್‌ಟಿಯು ಕಲಕಿದ್ದ ನೀರು ಮರಳಿನ ಸೋಸುಕ ದಾಟಿ ಹೊರಬರುವಾಗ 4 ಎನ್‌ಟಿಯುಗಿಂತ ಕಡಿಮೆಗೆ ಇಳಿದಿತ್ತು. ಎನ್‌ಟಿಯು ಎಂಬುದು ಕಲಕನ್ನು ಅಳೆಯುವ ಮಾನ. ನಮ್ಮ ಮಾನಕದಲ್ಲಿ ಅಪೇಕ್ಷಿತ ಮಿತಿ 1, ಬೇರೆ ಮೂಲವಿಲ್ಲದಾಗ 5. ಅಂದರೆ ತಿಳಿಗೊಳಿಸುವ ಕೆಲಸವನ್ನು ಬೀಜ ಮಾಡಬಲ್ಲದು ಎಂಬುದು ಮೂರು ದಶಕಗಳ ಹಿಂದೆಯೇ ಘಟಕದ ಮಟ್ಟದಲ್ಲಿ ಸಾಬೀತಾಗಿದೆ. ಹಾಗಿದ್ದೂ ಜಗತ್ತಿನ ನಗರಗಳು ಇನ್ನೂ ಪಟಿಕವನ್ನೇ ಏಕೆ ಬಳಸುತ್ತಿವೆ?

ಉತ್ತರ ಉಳಿಕೆಯಲ್ಲಿದೆ. ಒಂದು ಲೀಟರ್ ನೀರಿಗೆ 100 ಮಿಲಿಗ್ರಾಂ ನುಗ್ಗೆಬೀಜದ ಪುಡಿ ಹಾಕಿದರೆ, ಅದರಲ್ಲಿ ಕೊಳೆಯನ್ನು ಹಿಡಿಯುವ ಪ್ರೋಟೀನು ಸಣ್ಣದೊಂದು ಪಾಲು ಮಾತ್ರ. ಮಿಕ್ಕ ಎಣ್ಣೆ, ಸಕ್ಕರೆ, ಕೆಲಸಕ್ಕೆ ಬಾರದ ಪ್ರೋಟೀನುಗಳಲ್ಲಿ ಕೆಲವು ಗರಣೆಯೊಂದಿಗೆ ಇಳಿಯುತ್ತವೆ, ಉಳಿದವು ಕರಗಿಯೇ ಇರುತ್ತವೆ. ಕನ್ನಡಿಯಂತೆ ತಿಳಿಯಾಗಿ ಕಾಣುವ ನೀರಿನಲ್ಲಿ ಕರಗಿದ ಸಾವಯವ ಇಂಗಾಲ ಮೊದಲಿಗಿಂತ ಹೆಚ್ಚಾಗಿರುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಊಟ. 1987ರಲ್ಲಿ ಪ್ರಕಟವಾದ ಸುಡಾನಿನ ಒಂದು ಅಧ್ಯಯನದಲ್ಲಿ ಬೀಜ ಹಾಕಿದ ಒಂದೆರಡು ಗಂಟೆಗಳಲ್ಲಿ ನೀರಿನ ಬ್ಯಾಕ್ಟೀರಿಯಾಗಳಲ್ಲಿ ಶೇ 90ರಿಂದ ಶೇ 99.99ರಷ್ಟು ಗಸಿಯೊಂದಿಗೆ ತಳ ಸೇರಿದ್ದವು. ಆದರೆ 24 ಗಂಟೆ ಕಳೆಯುವುದರೊಳಗೆ ಅವುಗಳ ಸಂಖ್ಯೆ ಮತ್ತೆ ಏರಿತ್ತು. ಮೊದಲ ಅಂಕಿಯನ್ನು ಮಾತ್ರ ಓದಿದವರು ನುಗ್ಗೆಬೀಜ ನೀರನ್ನು ಶುದ್ಧಗೊಳಿಸುತ್ತದೆ ಎಂದು ಬರೆಯುತ್ತಾರೆ. ಎರಡನೆಯದನ್ನೂ ಓದಿದವರು, ತಿಳಿ ನೀರನ್ನು ಗಸಿಯಿಂದ ಬೇಗ ಬಸಿದು, ಕುದಿಸಿ ಅಥವಾ ಕ್ಲೋರಿನ್ ಹಾಕಿ, ಅದೇ ದಿನ ಕುಡಿದು ಮುಗಿಸಬೇಕು ಎನ್ನುತ್ತಾರೆ.

ನಗರದ ನೀರಿಗೆ ಈ ಅವಕಾಶವಿಲ್ಲ. ಅಲ್ಲಿ ಶುದ್ಧವಾದ ನೀರು ಮೇಲ್ಮಟ್ಟದ ಟ್ಯಾಂಕುಗಳಲ್ಲಿ, ಮೈಲಿಗಟ್ಟಲೆ ಕೊಳವೆಗಳಲ್ಲಿ, ಆಮೇಲೆ ಮನೆಯ ಸಂಪಿನಲ್ಲಿ ಒಂದೆರಡು ದಿನವಾದರೂ ಇರುತ್ತದೆ. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ಕರಗಿದ ಸಾವಯವ ವಸ್ತು ಆ ಕ್ಲೋರಿನ್ನನ್ನು ದಾರಿಯಲ್ಲೇ ಖರ್ಚುಮಾಡುತ್ತದೆ, ಅದರೊಂದಿಗೆ ವರ್ತಿಸಿ ಟ್ರೈಹ್ಯಾಲೋಮೀಥೇನ್‌ಗಳಂಥ ಬೇಡದ ಸಂಯುಕ್ತಗಳನ್ನೂ ಹುಟ್ಟಿಸಬಲ್ಲದು. ಪಟಿಕ ಬಿಟ್ಟುಹೋಗುವ ಅಲ್ಯೂಮಿನಿಯಂ ನೀರಿನಲ್ಲಿ ಇದ್ದಷ್ಟೇ ಇರುತ್ತದೆ, ಬೆಳೆಯುವುದಿಲ್ಲ. ಬೀಜ ಬಿಟ್ಟುಹೋಗುವ ವಸ್ತು ಬೇರೆ ಜೀವಿಗಳನ್ನು ಬೆಳೆಸುತ್ತದೆ. ನನ್ನ ದೃಷ್ಟಿಯಲ್ಲಿ ಪಟಿಕ ಮತ್ತು ಬೀಜಗಳ ನಡುವಿನ ನಿಜವಾದ ವ್ಯತ್ಯಾಸ ಇದು. ರಾಸಾಯನಿಕ, ನೈಸರ್ಗಿಕ ಎಂಬ ಹಣೆಪಟ್ಟಿಗಳಲ್ಲಿ ಇಲ್ಲ.

ಈ ಉಳಿಕೆಯನ್ನು ಕಡಿಮೆ ಮಾಡಲು ಹಲವು ದಾರಿಗಳನ್ನು ಹುಡುಕಲಾಗಿದೆ. ಎಣ್ಣೆಯನ್ನು ಮೊದಲೇ ಹಿಂಡಿ ತೆಗೆಯುವುದು ಅತ್ಯಂತ ಸುಲಭದ್ದು. ಗಾಣದಲ್ಲಿ ಉಳಿದ ಹಿಂಡಿಯಲ್ಲೂ ಹೆಪ್ಪುಗಟ್ಟಿಸುವ ಶಕ್ತಿ ಹಾಗೆಯೇ ಇರುತ್ತದೆ, ಎಣ್ಣೆಗೆ ಬೇರೆ ಬೆಲೆ ಬರುತ್ತದೆ. ಎರಡನೆಯದು ನೀರಿನ ಬದಲು ಉಪ್ಪಿನ ದ್ರಾವಣದಲ್ಲಿ ಸತ್ವ ತೆಗೆಯುವುದು. 1999ರಲ್ಲಿ ಜಪಾನಿನ ಸಂಶೋಧಕರು ತೋರಿಸಿದಂತೆ ಅಡಿಗೆ ಉಪ್ಪಿನ ದ್ರಾವಣದಲ್ಲಿ ತೆಗೆದ ಸತ್ವದ ಸಾಮರ್ಥ್ಯ ಬರಿನೀರಿನ ಸತ್ವಕ್ಕಿಂತ 7.4 ಪಟ್ಟು ಹೆಚ್ಚು, ಏಕೆಂದರೆ ಉಪ್ಪು ಪ್ರೋಟೀನುಗಳ ನಡುವಿನ ಹಿಡಿತವನ್ನು ಸಡಿಲಿಸಿ ಹೆಚ್ಚು ಸತ್ವ ಕರಗುವಂತೆ ಮಾಡುತ್ತದೆ. ಸಾಮರ್ಥ್ಯ ಹೆಚ್ಚಿದಷ್ಟೂ ಹಾಕಬೇಕಾದ ಪ್ರಮಾಣ ಕಡಿಮೆ, ಉಳಿಕೆಯೂ ಕಡಿಮೆ. ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಜಾಣತನದ್ದೆನಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಬೀಜದ ಸತ್ವವನ್ನು ಕುಡಿಯುವ ನೀರಿಗೆ ಹಾಕುವುದೇ ಇಲ್ಲ, ಮರಳಿಗೆ ಹಾಕುತ್ತಾರೆ. ಮರಳಿನ ಮೈ ಋಣಾಂಶದ್ದಾದ್ದರಿಂದ ಧನಾಂಶದ ಪ್ರೋಟೀನು ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೇಡದ ಸಾವಯವ ವಸ್ತುವನ್ನು ತೊಳೆದು ಚೆಲ್ಲಬಹುದು. ಹೀಗೆ ಸಜ್ಜುಗೊಳಿಸಿದ ಮರಳು ತನ್ನ ಮೂಲಕ ಹಾದ ನೀರಿನ ಕೊಳೆಯನ್ನು ಹಿಡಿಯುವುದಲ್ಲದೆ ಬ್ಯಾಕ್ಟೀರಿಯಾಗಳಿಗೂ ಮಾರಕವಾಗುತ್ತದೆ. ಮರಳಿನ ಮೈ ತುಂಬಿಹೋದ ಮೇಲೆ ಅದನ್ನು ಮತ್ತೆ ಸಜ್ಜುಗೊಳಿಸುವ ಖರ್ಚು ಮತ್ತು ಶ್ರಮ ಮಾತ್ರ ಇದ್ದೇ ಇದೆ.

ಉಳಿಕೆಯ ಪ್ರಶ್ನೆ ಬಗೆಹರಿದರೂ ಪ್ರಮಾಣದ ಪ್ರಶ್ನೆ ಉಳಿಯುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಬೆಂಗಳೂರಿಗೆ 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅಷ್ಟು ನೀರಿಗೆ ಲೀಟರಿಗೆ 50 ಮಿಲಿಗ್ರಾಂನಂತೆ ಬೀಜದ ತಿರುಳು ಬಳಸಿದರೆ ದಿನಕ್ಕೆ 38,750 ಕಿಲೋ, ವರ್ಷಕ್ಕೆ ಸುಮಾರು 14,000 ಟನ್ ಬೇಕು. ಒಂದು ಮರ ವರ್ಷಕ್ಕೆ 3 ಕಿಲೋ ತಿರುಳು ಕೊಡುತ್ತದೆ ಎಂದಿಟ್ಟುಕೊಂಡರೆ ಸುಮಾರು 47 ಲಕ್ಷ ಮರಗಳಾದವು, ಅದೂ ನಗರದ ನೀರಿನ ಒಂದು ಹಂತಕ್ಕೆ ಮಾತ್ರ. ಈ ಮರಗಳ ಕಾಯಿಯನ್ನು ಹಸಿರಿರುವಾಗ ಕೀಳುವಂತಿಲ್ಲ, ಏಕೆಂದರೆ ಸಾರಿಗೆ ಹಾಕುವ ಎಳೆಯ ಕಾಯಿಯ ಬೀಜದಲ್ಲಿ ಈ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಸಂತೆಯಲ್ಲಿ ಹಸಿಕಾಯಿಗೆ ಒಳ್ಳೆಯ ಬೆಲೆ ಸಿಗುವಾಗ ಯಾವ ರೈತನೂ ಅದನ್ನು ಮರದಲ್ಲೇ ಒಣಗಲು ಬಿಡುವುದಿಲ್ಲ. ಜೊತೆಗೆ ಬೇಸಗೆಯಲ್ಲಿ ಜಲಾಶಯದ ನೀರು ಹೆಚ್ಚು ಕಲಕಿರುವುದಿಲ್ಲ, ಮತ್ತು ನುಗ್ಗೆಬೀಜ ಸೋಲುವುದು ಅಂಥ ನೀರಿನಲ್ಲೇ: ಕಣಗಳು ವಿರಳವಾಗಿದ್ದಾಗ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಅಪರೂಪ, ಲೋಳೆಯಿಲ್ಲದ್ದರಿಂದ ಗುಡಿಸಿಕೊಂಡು ಹೋಗುವವರೂ ಇಲ್ಲ. ಹಾಗಾಗಿ ಮಹಾನಗರದ ಘಟಕದಲ್ಲಿ ಪಟಿಕದ ಜಾಗಕ್ಕೆ ನುಗ್ಗೆ ಬರುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ನೆರೆ ಬಂದು ಬಾವಿ, ಕೆರೆ ರಾಡಿಯಾದ ಊರಿನಲ್ಲಿ, ಪಟಿಕವೂ ತಲುಪದ ನಾಲ್ಕಾರು ದಿನಗಳಲ್ಲಿ, ಒಂದು ಚೀಲ ಒಣಬೀಜ ಕೈಯಳತೆಯಲ್ಲಿರುವುದು ಬೇರೆಯೇ ಮಾತು.

ಕೊಳವೆಬಾವಿ ನೀರು ಕುಡಿಯುವ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ನೀರು ಈಗಾಗಲೇ ತಿಳಿಯಾಗಿದೆ. ಅದರ ತೊಂದರೆ ಕರಗಿರುವ ಫ್ಲೋರೈಡು. ಹೆಪ್ಪುಕಾರಕ ಹಿಡಿಯುವುದು ತೇಲುವ ಕಣವನ್ನು, ಕರಗಿದ ಲವಣವನ್ನಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ತೆಗೆಯುತ್ತಾರಲ್ಲ ಎಂದು ಕೇಳಬಹುದು. ಅಲ್ಲಿ ಫ್ಲೋರೈಡ್ ಅಂಟಿಕೊಳ್ಳುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಲೋಳೆಗೆ. ನುಗ್ಗೆಬೀಜದಲ್ಲಿ ಆ ಲೋಳೆಯೇ ಇಲ್ಲ. ಬೀಜ ಹಾಕಿದೆವೆಂದು ಫ್ಲೋರೈಡ್ ನೀರನ್ನು ನೆಮ್ಮದಿಯಿಂದ ಕುಡಿಯುವುದು ಅಪಾಯ.

ತ್ಯಾಜ್ಯನೀರಿನ ಕಡೆಗೆ ತಿರುಗಿದರೆ ಗಿಡಮೂಲದ ಹೆಪ್ಪುಕಾರಕಗಳ ಸ್ಥಿತಿ ಗಮನಾರ್ಹವಾಗಿ ಸುಧಾರಿಸುತ್ತದೆ, ಏಕೆಂದರೆ ಅಲ್ಲಿ ಉಳಿಕೆಯ ಪ್ರಶ್ನೆಯ ತೀವ್ರತೆ ಕಡಿಮೆ. ಡೇರಿಯ, ಕಸಾಯಿಖಾನೆಯ, ಎಣ್ಣೆಗಿರಣಿಯ ನೀರಿನಲ್ಲಿ ಸಾವಯವ ವಸ್ತು ಮೊದಲೇ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. ಹೆಪ್ಪುಕಾರಕ ಅದಕ್ಕೆ ಕೆಲವು ಹತ್ತು ಮಿಲಿಗ್ರಾಂ ಸೇರಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಹಂತದಲ್ಲಿ ಬ್ಯಾಕ್ಟೀರಿಯಾಗಳ ಟ್ಯಾಂಕು ಹೇಗೂ ಇರುತ್ತದೆ, ಅವು ಇದನ್ನೂ ತಿಂದುಕೊಳ್ಳುತ್ತವೆ. ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಋಣಾಂಶದ ಅಣುಗಳಾದ್ದರಿಂದ ಧನಾಂಶದ ಪ್ರೋಟೀನು ಅವನ್ನೂ ಹಿಡಿಯಬಲ್ಲದು. ಮಲೆನಾಡಿನ ಕಾಫಿ ಪಲ್ಪಿಂಗ್ ನೀರಿನಲ್ಲಾದರೆ ಇದರ ಉಪಯೋಗ ಅರ್ಧದಷ್ಟೇ. ಹಣ್ಣಿನ ತಿರುಳು, ಲೋಳೆ ಇಳಿಯಬಹುದು, ಕರಗಿದ ಸಕ್ಕರೆ ಇಳಿಯುವುದಿಲ್ಲ, ಹೊಳೆಯ ಮೀನಿಗೆ ಉಸಿರು ಕಟ್ಟಿಸುವುದು ಮುಖ್ಯವಾಗಿ ಆ ಸಕ್ಕರೆಯೇ.

ಕೈಗಾರಿಕೆಯ ಮಟ್ಟದಲ್ಲಿ ನಿಜವಾಗಿ ಮಾರುಕಟ್ಟೆಗೆ ಬಂದು ನೆಲೆನಿಂತಿರುವ ಗಿಡಮೂಲದ ಹೆಪ್ಪುಕಾರಕ ನುಗ್ಗೆಯದೂ ಅಲ್ಲ, ಚಿಲ್ಲದ್ದೂ ಅಲ್ಲ, ಮರದ ತೊಗಟೆಯ ಒಗರು, ಅಂದರೆ ಟ್ಯಾನಿನ್. ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ ಚರ್ಮ ಹದಮಾಡಲೆಂದು ಹಿಂದೆ ನೆಟ್ಟ ವ್ಯಾಟಲ್ ಮರದ ಜಾತಿಯನ್ನೇ ದಕ್ಷಿಣ ಬ್ರೆಜಿಲ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಸುತ್ತಾರೆ. ಅಲ್ಲಿನ ತನಾಕ್ ಎಂಬ ಕಂಪನಿ ಅದರ ತೊಗಟೆಯ ಒಗರಿನಿಂದ ತಾನ್‌ಫ್ಲಾಕ್ ಎಂಬ ಹೆಪ್ಪುಕಾರಕವನ್ನು ತಯಾರಿಸುತ್ತದೆ. ಮರ ಕಡಿಯುವುದು ದಿಮ್ಮಿಗಾಗಿ, ತೊಗಟೆ ಅದರ ಜೊತೆಗೆ ಬರುವ ಸರಕು. ಆದ್ದರಿಂದ ನುಗ್ಗೆಗೆ ಇರುವ ಸಂತೆಬೆಲೆಯ ತೊಡಕು ಇದಕ್ಕಿಲ್ಲ, ಗುಣಮಟ್ಟವನ್ನೂ ಒಂದೇ ಸಮನೆ ಕಾಯ್ದುಕೊಳ್ಳಬಹುದು.

ಆದರೆ ತೊಗಟೆಯಿಂದ ಬಂದ ಟ್ಯಾನಿನ್ ಸಹಜವಾಗಿ ಋಣಾಂಶದ್ದು. ಹಾಗೆಯೇ ಹಾಕಿದರೆ ಕೊಳೆಯ ಕಣಗಳನ್ನು ಅದು ಸೆಳೆಯುವುದಿಲ್ಲ. ಅದಕ್ಕೆ ಧನಾಂಶ ಕೊಡಲು ಸಾರಜನಕವುಳ್ಳ ಒಂದು ಸಂಯುಕ್ತವನ್ನು ಅದರ ಅಣುವಿಗೆ ಜೋಡಿಸಬೇಕು, ಮತ್ತು ಮ್ಯಾನಿಕ್ ಕ್ರಿಯೆ ಎಂಬ ಆ ಜೋಡಣೆಯಲ್ಲಿ ಬೆಸುಗೆಯಾಗಿ ಬಳಸುವುದು ಫಾರ್ಮಾಲ್ಡಿಹೈಡ್. ಕ್ರಿಯೆ ಪೂರ್ತಿಯಾದರೆ ಅದು ಅಣುವಿನ ಭಾಗವಾಗಿಬಿಡುತ್ತದೆ. ಪೂರ್ತಿಯಾಗದಿದ್ದರೆ ಡಬ್ಬಿಯೊಳಗೆ ಬಿಡಿಯಾಗಿ ಉಳಿಯುತ್ತದೆ. ಹಾಗಾಗಿ ಗಿಡಮೂಲದ್ದು ಎಂದು ಬರೆದ ಡಬ್ಬಿಯನ್ನು ಕೊಳ್ಳುವ ಘಟಕದವರು ಮೊದಲು ಕೇಳಬೇಕಾದದ್ದು ಅದರಲ್ಲಿ ಉಳಿದಿರುವ ಫಾರ್ಮಾಲ್ಡಿಹೈಡಿನ ಪ್ರಮಾಣವನ್ನು. ಆಮೇಲಿನ ಪ್ರಶ್ನೆ ಗಸಿಯದು. ನುಗ್ಗೆಯ ಗಸಿ ಕೊಳೆಯುತ್ತದೆ, ಗೊಬ್ಬರವಾಗುತ್ತದೆ ಎಂಬ ಮಾತು ಹೊಳೆನೀರಿನ ಜೇಡಿಗಸಿಯ ಮಟ್ಟಿಗೆ ಸರಿ. ಬಣ್ಣದ ಕಾರ್ಖಾನೆಯ, ಚರ್ಮ ಹದಮಾಡುವ ಕಾರ್ಖಾನೆಯ ಗಸಿಯಲ್ಲಿ ಹೆಪ್ಪುಕಾರಕ ಯಾವುದೇ ಇರಲಿ, ಅದು ಹಿಡಿದ ಬಣ್ಣ ಮತ್ತು ಕ್ರೋಮಿಯಂ ಅಲ್ಲೇ ಇರುತ್ತವೆ. ಅಂಥ ಗಸಿ ಹೊಲಕ್ಕೆ ಹೋಗುವಂತಿಲ್ಲ, ಪಟಿಕದ ಗಸಿಯಂತೆಯೇ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕಕ್ಕೇ ಹೋಗಬೇಕು.